ಕಟ್ಟೆ ವೈರಸ್‌ನಿಂದ ಎಲೆ ತುಕ್ಕಿನವರೆಗೆ: ಒಂದೇ ಗೋಡೆ, ಒಂದೇ ಅಳತೆ – ಬರೆಯುವುದು ಹೇಗೆ?

ಸೋಮವಾರಪೇಟೆ_ವಿಜ್ಞಾನ

ಪ್ರೌಢಶಾಲೆಯ ಹಜಾರದ ಗೋಡೆ: 6 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರ. ಕೊಡಗಿನ ತೋಟದಲ್ಲೂ ಮನೆಯಲ್ಲೂ ಹೆಸರು ಕೇಳಿಬರುವ ರೋಗಾಣುಗಳನ್ನು ಒಂದೇ ಅಳತೆಯಲ್ಲಿ ಬರೆಸಬೇಕು. ಪಟ್ಟಿ ಹೀಗಿದೆ: ನೀರಿನ ಅಣು, ಸಕ್ಕರೆ, ಕೆಫೀನ್, ಹಿಮೋಗ್ಲೋಬಿನ್, ಬಾಳೆಯ ಬಂಚಿ ಟಾಪ್ ವೈರಸ್, ಏಲಕ್ಕಿಯ ಕಟ್ಟೆ ವೈರಸ್, ಕಿತ್ತಳೆಯ ಟ್ರಿಸ್ಟೆಜಾ ವೈರಸ್, ಕೊರೊನಾ, ಇ. ಕೋಲಿ, ಇಲಿ ಜ್ವರದ ಲೆಪ್ಟೊಸ್ಪೈರಾ, ಕಾಳುಮೆಣಸಿನ ಸೊರಗು ರೋಗದ ಫೈಟಾಫ್ತೊರಾ, ಕಾಫಿ ಎಲೆ ತುಕ್ಕಿನ ಬೀಜಕ. ಎರಡು ಪ್ರಶ್ನೆ. ಎಷ್ಟು ಪಟ್ಟು ಹಿಗ್ಗಿಸಿದರೆ ಎಲ್ಲವೂ ಗೋಡೆಯಲ್ಲಿ ಹಿಡಿಸುತ್ತವೆ? ಮೇಲೆ ದೊಡ್ಡಕ್ಷರದಲ್ಲಿ ‘ಅಣುವಿನ ನೂರು ಪಟ್ಟು ವೈರಸ್, ವೈರಸ್ಸಿನ ನೂರು ಪಟ್ಟು ಬ್ಯಾಕ್ಟೀರಿಯಾ’ ಎಂದು ಬರೆಸಬಹುದೇ?

ಅಪ್ಪಂಗಳದ_ಹಾದಿ

ಆ ಸಾಲು ಬೇಡ. ಅರ್ಧ ಸರಿ, ಅರ್ಧ ತಪ್ಪು. ಮಕ್ಕಳ ತಲೆಯಲ್ಲಿ ಕೂತರೆ ತೆಗೆಯುವುದು ಕಷ್ಟ. ಮೊದಲು ಅಂಕಿ ನೋಡೋಣ. 1 ಮಿಲಿಮೀಟರಿನ ಸಾವಿರದ ಒಂದು ಭಾಗ 1 ಮೈಕ್ರಾನ್, ಅದರ ಸಾವಿರದ ಒಂದು ಭಾಗ 1 ನ್ಯಾನೊಮೀಟರ್.

ನೀರಿನ ಅಣು 0.28 ನ್ಯಾನೊಮೀಟರ್. ಗ್ಲೂಕೋಸ್, ಸಕ್ಕರೆ, ಕೆಫೀನ್ ಮೂರೂ 1 ನ್ಯಾನೊಮೀಟರಿನ ಆಸುಪಾಸು; ಕೆಫೀನ್ ಬಿಲ್ಲೆಯ ಹಾಗೆ ಚಪ್ಪಟೆ. ಹಿಮೋಗ್ಲೋಬಿನ್ ಐದೂವರೆ. ಬಂಚಿ ಟಾಪ್ ವೈರಸ್ 18ರಿಂದ 20, ದುಂಡಗೆ. ಕೊರೊನಾ ಸುಮಾರು 100, ಅದೂ ದುಂಡಗೆ. ಇ. ಕೋಲಿ 2 ಮೈಕ್ರಾನ್ ಉದ್ದ, 1 ಮೈಕ್ರಾನ್ ದಪ್ಪ. ಇಷ್ಟರವರೆಗೆ ನಿಮ್ಮ ಸಾಲು ಹೇಗೋ ನಡೆಯುತ್ತದೆ.

ಈಗ ನಮ್ಮ ಊರಿನವು. ಕಟ್ಟೆ ವೈರಸ್ ದುಂಡಗಿಲ್ಲ, ಬಳುಕುವ ದಾರ: ಉದ್ದ 650ರಿಂದ 700 ನ್ಯಾನೊಮೀಟರ್, ದಪ್ಪ 12ರ ಸುತ್ತ. ಟ್ರಿಸ್ಟೆಜಾ ಇನ್ನೂ ಉದ್ದ: 2,000 ನ್ಯಾನೊಮೀಟರ್, ಅಂದರೆ 2 ಮೈಕ್ರಾನ್, ದಪ್ಪ ಬರೀ 11. ಇ. ಕೋಲಿಯ ಪಕ್ಕದಲ್ಲಿ ಮಲಗಿಸಿದರೆ ಉದ್ದದಲ್ಲಿ ಸರಿಸಮ. ‘ವೈರಸ್ ಚಿಕ್ಕದು, ಬ್ಯಾಕ್ಟೀರಿಯಾ ದೊಡ್ಡದು’ ಎಂದು ಬರೆದ ಗೋಡೆಯ ಮೇಲೆ ಕೊಡಗಿನ ಕಿತ್ತಳೆಯನ್ನು ಕಾಡಿದ ವೈರಸ್ಸೇ ಆ ಮಾತನ್ನು ಸುಳ್ಳು ಮಾಡುತ್ತದೆ. ಗಾತ್ರಕ್ಕೆ ಒಂದೇ ಅಂಕಿ ಸಾಲದು. ಉದ್ದ, ದಪ್ಪ ಎರಡನ್ನೂ ಬರೆಸಿ.

ಲೆಕ್ಕದ_ಪುಸ್ತಕ

ಮೇಲಿನದಕ್ಕೆ ಒಂದು ಸೇರ್ಪಡೆ. ಉದ್ದ ಸರಿಸಮ ಎಂದ ಕೂಡಲೇ ಒಳಗಿನ ಜಾಗವೂ ಸರಿಸಮ ಎಂದುಕೊಳ್ಳಬಾರದು. ಲೆಕ್ಕ ಹಾಕಿ ನೋಡಿ.

ಇ. ಕೋಲಿಯ ಘನ ಅಳತೆ ಸುಮಾರು 1 ಘನ ಮೈಕ್ರಾನ್. ಟ್ರಿಸ್ಟೆಜಾ ಒಂದು ಉರುಳೆ: ದಪ್ಪ 0.011 ಮೈಕ್ರಾನ್, ಅದರ ವರ್ಗವನ್ನು 0.785ರಿಂದ ಗುಣಿಸಿ, ಮತ್ತೆ ಉದ್ದ 2ರಿಂದ ಗುಣಿಸಿದರೆ 0.00019 ಘನ ಮೈಕ್ರಾನ್. ಒಂದು ಇ. ಕೋಲಿಯ ಜಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಟ್ರಿಸ್ಟೆಜಾ ಕಣಗಳು ಹಿಡಿಸುತ್ತವೆ. 100 ನ್ಯಾನೊಮೀಟರಿನ ಕೊರೊನಾ 0.00052 ಘನ ಮೈಕ್ರಾನ್. ಹಾಗಾಗಿ 2 ಮೈಕ್ರಾನ್ ಉದ್ದದ ಟ್ರಿಸ್ಟೆಜಾ ಕೊರೊನಾದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಅದನ್ನು ಉಂಡೆ ಕಟ್ಟಿದರೆ ವ್ಯಾಸ 71 ನ್ಯಾನೊಮೀಟರ್ ಬರುತ್ತದೆ.

ಬಂಚಿ ಟಾಪ್ 20 ನ್ಯಾನೊಮೀಟರ್ ಎಂದಿಟ್ಟುಕೊಂಡರೆ ಒಂದು ಇ. ಕೋಲಿಯ ಜಾಗಕ್ಕೆ ಸುಮಾರು 2.4 ಲಕ್ಷ. ಅಡ್ಡಳತೆ ಹತ್ತು ಪಟ್ಟು ಹೆಚ್ಚಾದರೆ ಒಳಜಾಗ ಸಾವಿರ ಪಟ್ಟು ಹೆಚ್ಚುತ್ತದೆ. ಗೋಡೆಯ ಚಿತ್ರ ಚಪ್ಪಟೆಯಾದ್ದರಿಂದ ಇದನ್ನು ತೋರಿಸಲಾರದು. ಬದಿಯಲ್ಲಿ ಒಂದು ಸಾಲು ಬರೆಸಿದರೆ ಒಳ್ಳೆಯದು.

ಸೋಮವಾರಪೇಟೆ_ವಿಜ್ಞಾನ

ಆಯಿತು, ತಲೆಬರಹ ತೆಗೆದೆ. ಅಣುಗಳಿಗೆ ಪಠ್ಯದಲ್ಲಿ ಅಳತೆ ಕೊಟ್ಟಿಲ್ಲ, ಅಣುತೂಕ ಮಾತ್ರ ಇದೆ: ನೀರು 18, ಗ್ಲೂಕೋಸ್ 180, ಕೆಫೀನ್ 194, ಸಕ್ಕರೆ 342, ಹಿಮೋಗ್ಲೋಬಿನ್ ಸುಮಾರು 64,500. ತೂಕದ ಅನುಪಾತದಲ್ಲೇ ಬರೆಸಬಹುದೇ?

ಲೆಕ್ಕದ_ಪುಸ್ತಕ

ಬೇಡವೇ ಬೇಡ. ನೀರಿಗಿಂತ ಹಿಮೋಗ್ಲೋಬಿನ್ ಮೂರೂವರೆ ಸಾವಿರ ಪಟ್ಟು ತೂಕ, ಆದರೆ ಅಡ್ಡಳತೆಯಲ್ಲಿ 20 ಪಟ್ಟು ಮಾತ್ರ. ತೂಕ ಎಂಟು ಪಟ್ಟಾದಾಗ ಅಡ್ಡಳತೆ ಎರಡು ಪಟ್ಟಾಗುತ್ತದೆ. ದುಂಡಗೆ ಮಡಚಿಕೊಂಡ ಪ್ರೋಟೀನಿಗೆ ಒಂದು ಸುಲಭ ಸೂತ್ರ ಇದೆ: ಅಣುತೂಕದ ಘನಮೂಲ ತೆಗೆದು 0.066ರಿಂದ ಗುಣಿಸಿದರೆ ತ್ರಿಜ್ಯ ನ್ಯಾನೊಮೀಟರಿನಲ್ಲಿ ಸಿಗುತ್ತದೆ. 64,500ರ ಘನಮೂಲ 40. 40 ಗುಣಿಸು 0.066 ಅಂದರೆ 2.65; ವ್ಯಾಸ 5.3. ಟ್ರಿಸ್ಟೆಜಾದ ಹೊದಿಕೆಯ ಪ್ರೋಟೀನ್ 25,000 ತೂಕದ್ದು, ವ್ಯಾಸ 3.9 ಬರುತ್ತದೆ. ದಾರದಂತೆ ಬಿಚ್ಚಿಕೊಂಡ ಅಣುವಿಗೆ, ಮುಖ್ಯವಾಗಿ ಡಿಎನ್‌ಎಗೆ, ಈ ಸೂತ್ರ ಹಾಕಬೇಡಿ. ಡಿಎನ್‌ಎ ದಪ್ಪ 2 ನ್ಯಾನೊಮೀಟರ್, ಆದರೆ ಇ. ಕೋಲಿಯ ಒಳಗಿರುವ 46 ಲಕ್ಷ ಜೋಡಿಯ ಡಿಎನ್‌ಎ ಬಿಡಿಸಿ ಎಳೆದರೆ 1.6 ಮಿಲಿಮೀಟರ್. ತನ್ನನ್ನು ಹೊತ್ತ ಕೋಶಕ್ಕಿಂತ 800 ಪಟ್ಟು ಉದ್ದ!

ಮರಗಸಿ

ಗೋಡೆಗೆ ಮುಂಚೆ ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಲು 10 ಲಕ್ಷ ಪಟ್ಟು ಅನುಕೂಲ. ಆಗ 1 ನ್ಯಾನೊಮೀಟರ್ 1 ಮಿಲಿಮೀಟರ್ ಆಗುತ್ತದೆ, 1 ಮೈಕ್ರಾನ್ 1 ಮೀಟರ್ ಆಗುತ್ತದೆ. ಕೆಫೀನ್ ಒಂದು ಸಾಸಿವೆ ಕಾಳು. ಹಿಮೋಗ್ಲೋಬಿನ್ ಒಂದು ಒಳ್ಳೆಮೆಣಸು. ಬಂಚಿ ಟಾಪ್ ವೈರಸ್ ದಪ್ಪನೆಯ ಒಂದು ಕಾಫಿ ಹಣ್ಣು. ಕೊರೊನಾ ದೊಡ್ಡ ಕಿತ್ತಳೆಗಿಂತ ಸ್ವಲ್ಪ ಹೆಚ್ಚು. ಟ್ರಿಸ್ಟೆಜಾ ಎರಡು ಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ಬಳ್ಳಿ. ಇ. ಕೋಲಿ ಎರಡು ಮೀಟರ್ ಉದ್ದದ ದೊಡ್ಡ ಡ್ರಮ್ಮು. ತುಕ್ಕಿನ ಬೀಜಕ 30 ಮೀಟರ್, ನೆರಳಿಗೆ ಬೆಳೆದು ನಿಂತ ಸಿಲ್ವರ್ ಓಕ್ ಮರದಷ್ಟು. ಕಟ್ಟೆ, ಬಂಚಿ ಟಾಪ್ ವೈರಸ್‌ಗಳನ್ನು ಹೊತ್ತು ತರುವ ಗಿಡಹೇನು ಒಂದೂವರೆ ಕಿಲೋಮೀಟರ್. 15 ಸೆಂಟಿಮೀಟರಿನ ಒಂದು ಕಾಫಿ ಎಲೆ 150 ಕಿಲೋಮೀಟರ್: ಮಡಿಕೇರಿಯಿಂದ ಹೊರಟರೆ ಮೈಸೂರು ದಾಟಿ ಮುಂದಕ್ಕೆ. ಅಂಥ ಎಲೆಯ ಮೇಲೆ ಒಂದು ಸಾಸಿವೆ ಕಾಳು, ಇದು ಅಣು.

ಬಲಮುರಿ_ಲ್ಯಾಬ್

ಫೈಟಾಫ್ತೊರಾ, ತುಕ್ಕು ಎರಡರ ಅಂಕಿ ಯಾರೂ ಪೂರ್ತಿ ಕೊಟ್ಟಿಲ್ಲ. ತುಕ್ಕಿನ ಬೀಜಕ ಸುಮಾರು 30 ಮೈಕ್ರಾನ್ ಉದ್ದ, 22 ಮೈಕ್ರಾನ್ ಅಗಲ. ದುಂಡಗೆ ಬರೆಸಬೇಡಿ: ಆಕಾರ ಮೂತ್ರಪಿಂಡದ್ದು, ಉಬ್ಬಿದ ಬೆನ್ನಿಗೆ ಮುಳ್ಳು, ಇನ್ನೊಂದು ಬದಿ ನುಣುಪು. ಈ ತುಕ್ಕಿನ ವೈಜ್ಞಾನಿಕ ಹೆಸರು ಹೆಮಿಲಿಯಾ; ಆ ಹೆಸರೇ ‘ಅರ್ಧ ನುಣುಪು’ ಎಂಬ ಅರ್ಥದ್ದು. ಫೈಟಾಫ್ತೊರಾದ ಈಜುವ ಬೀಜಕ 10 ಮೈಕ್ರಾನ್, ಎರಡು ಚಾಟಿಗಳಿವೆ. ಅದನ್ನು ‘ಶಿಲೀಂಧ್ರ’ ಎಂದು ಬರೆಸಬೇಡಿ. ರೂಢಿಯಲ್ಲಿ ಹಾಗೆ ಕರೆದರೂ ಅದು ಊಮೈಸೀಟು, ಬೇರೆ ಕುಲ.

ಮಕ್ಕಳೇ ಅಳೆಯಬಹುದಾದ ವಸ್ತು ಇಡೀ ಪಟ್ಟಿಯಲ್ಲಿ ತುಕ್ಕಿನ ಬೀಜಕ ಒಂದೇ. ಅದನ್ನು ಖಂಡಿತ ಅಳೆಸಿ. ಸೂಕ್ಷ್ಮದರ್ಶಕಕ್ಕೆ ಕಣ್ಣುಮಸೂರದ ಮಾಪಕವೂ ಗಾಜುಪಟ್ಟಿಯ ಮಾಪಕವೂ ಬೇಕು. ಗಾಜುಪಟ್ಟಿಯ ಮಾಪಕದಲ್ಲಿ 1 ಮಿಲಿಮೀಟರ್ ನೂರು ಭಾಗವಾಗಿರುತ್ತದೆ, ಒಂದು ಗೆರೆಗೆ 10 ಮೈಕ್ರಾನ್. 40ರ ಮಸೂರ ಹಾಕಿ ಎರಡೂ ಮಾಪಕಗಳ ಎಡತುದಿ ಕೂಡಿಸಿ, ಬಲಕ್ಕೆ ಎಲ್ಲಿ ಗೆರೆಗಳು ಮತ್ತೆ ಕೂಡುತ್ತವೆ ನೋಡಿ. ಕಣ್ಣುಮಸೂರದ 40 ಗೆರೆಗೆ ಗಾಜುಪಟ್ಟಿಯ 10 ಗೆರೆ ಕೂಡಿದರೆ, 100 ಮೈಕ್ರಾನನ್ನು 40ರಿಂದ ಭಾಗಿಸಿ: ಒಂದು ಗೆರೆಗೆ 2.5 ಮೈಕ್ರಾನ್. ಆಮೇಲೆ ಎಲೆಯ ತಳಭಾಗದ ಕಿತ್ತಳೆ ಬಣ್ಣದ ಪುಡಿಯನ್ನು ಪಾರದರ್ಶಕ ಅಂಟುಪಟ್ಟಿಯಿಂದ ಮೆಲ್ಲಗೆ ಎತ್ತಿ, ಒಂದು ಹನಿ ನೀರಿನ ಮೇಲೆ ಇಳಿಸಿ. ಬೀಜಕ 12 ಗೆರೆ ಹಿಡಿದರೆ 30 ಮೈಕ್ರಾನ್. ಒಂದನ್ನು ಅಳೆದು ಬಿಡಬಾರದು; 25 ಬೀಜಕ ಅಳೆದು ಸರಾಸರಿ ತೆಗೆಯಿರಿ.

ತಪ್ಪುವ ಜಾಗಗಳು ಇವು. ಮಸೂರ ಬದಲಿಸಿ ಹಳೆಯ 2.5ನ್ನೇ ಬಳಸುವುದು: 10ರ ಮಸೂರದಲ್ಲಿ ಅದೇ ಗೆರೆ 10 ಮೈಕ್ರಾನ್ ಆಗಿರುತ್ತದೆ, ಉತ್ತರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಣ ಬೀಜಕ ಅಳೆಯುವುದು: ಮುದುಡಿ ಚಿಕ್ಕದಾಗಿ ಕಾಣುತ್ತದೆ. ಗಾಳಿಗುಳ್ಳೆಯನ್ನು ಬೀಜಕ ಎಂದುಕೊಳ್ಳುವುದು: ಗುಳ್ಳೆಯ ಅಂಚು ದಪ್ಪ ಕಪ್ಪಗಿರುತ್ತದೆ, ಪೂರ್ತಿ ದುಂಡಗಿರುತ್ತದೆ, ಮುಳ್ಳಿರುವುದಿಲ್ಲ.

ನಾಪೋಕ್ಲು_ತೋಡು

ಅದೇ ಸೂಕ್ಷ್ಮದರ್ಶಕದಲ್ಲಿ ಕಟ್ಟೆ ವೈರಸ್ ಯಾಕೆ ಕಾಣುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 700 ನ್ಯಾನೊಮೀಟರ್ ಉದ್ದ ಇದೆಯಲ್ಲ?

ಬಲಮುರಿ_ಲ್ಯಾಬ್

ಒಳ್ಳೆಯ ಪ್ರಶ್ನೆ. ಉದ್ದ ಇದ್ದರೂ ದಪ್ಪ 12 ನ್ಯಾನೊಮೀಟರ್ ಆದ್ದರಿಂದ ಬೆಳಕಿನ ಅಲೆಗೆ ಅದು ಅಡ್ಡಿಯೇ ಅಲ್ಲ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 400ರಿಂದ 700 ನ್ಯಾನೊಮೀಟರ್. ಎರಡು ಚುಕ್ಕೆಗಳನ್ನು ಬೇರೆಯಾಗಿ ಕಾಣಲು ಬೇಕಾದ ಕನಿಷ್ಠ ಅಂತರಕ್ಕೆ ಲೆಕ್ಕ ಇದೆ: ಅಲೆಯುದ್ದವನ್ನು 0.61ರಿಂದ ಗುಣಿಸಿ, ಮಸೂರದ ಮೇಲೆ ಕೆತ್ತಿರುವ ರಂಧ್ರಾಂಕದಿಂದ (ಮಸೂರ ಎಷ್ಟು ಅಗಲಕ್ಕೆ ಬೆಳಕು ಹಿಡಿಯುತ್ತದೆ ಎಂಬ ಅಂಕಿ) ಭಾಗಿಸಿ. 40ರ ಮಸೂರದ ರಂಧ್ರಾಂಕ 0.65, ಹಸಿರು ಬೆಳಕು 550 ಎಂದು ಹಿಡಿದರೆ ಅಂತರ 516 ನ್ಯಾನೊಮೀಟರ್. 100ರ ಎಣ್ಣೆ ಮಸೂರ, ರಂಧ್ರಾಂಕ 1.25: ಅಂತರ 268. ಹೆಚ್ಚು ಹಿಗ್ಗಿಸಿದರೆ ಮಸುಕೇ ಹಿಗ್ಗುತ್ತದೆ, ವಿವರ ಹುಟ್ಟುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 1931ರಲ್ಲಿ ಬಂತು, ತಂಬಾಕಿನ ಮೊಸಾಯಿಕ್ ವೈರಸ್‌ನ ಕಡ್ಡಿಗಳು ಅದರಲ್ಲಿ ಕಂಡದ್ದು 1939ರಲ್ಲಿ. ವೈರಸ್ ಎಂಬುದೊಂದು ಇದೆ ಎಂದು ತಿಳಿದು ಆಗಲೇ ನಾಲ್ಕು ದಶಕ ದಾಟಿತ್ತು.

ಇನ್ನೊಂದು ಎಚ್ಚರಿಕೆ. ಕೆರೆ ನೀರಿನಲ್ಲಿ 1 ಮೈಕ್ರಾನಿನ ಮಣ್ಣಿನ ಕಣವೂ ನಡುಗುತ್ತಿರುತ್ತದೆ, ನೀರಿನ ಅಣುಗಳು ಎಲ್ಲ ಕಡೆಯಿಂದ ತಳ್ಳುವುದರಿಂದ. ‘ಬ್ಯಾಕ್ಟೀರಿಯಾ ಓಡಾಡುತ್ತಿದೆ’ ಎಂದು ಮಕ್ಕಳು ಕೂಗುತ್ತಾರೆ. ನಿಂತಲ್ಲೇ ನಡುಗಿದರೆ ಕಣ. ಒಂದು ದಿಕ್ಕು ಹಿಡಿದು ಸಾಗಿ, ತಿರುಗಿ, ಮತ್ತೆ ಸಾಗಿದರೆ ಬ್ಯಾಕ್ಟೀರಿಯಾ.

ಕಕ್ಕಡ_ಮಳೆ

ಗೋಡೆಯ ಮೇಲೆ ಜರಡಿಯ ಕಣ್ಣುಗಳನ್ನೂ ಬರೆಸಿ ಎಂದು ಕೇಳುತ್ತೇನೆ. ಮಳೆಗಾಲದಲ್ಲಿ ತೋಡಿನ ನೀರು, ಬಾವಿ ನೀರು ಕುಡಿಯುವ ಮನೆಗಳಿಗೆ ಗಾತ್ರದ ಪಾಠ ನಿಜವಾಗಿ ಬೇಕಾಗುವುದು ಅಲ್ಲೇ.

ಪಿಂಗಾಣಿ ಕ್ಯಾಂಡಲ್ ಫಿಲ್ಟರ್‌ನ ರಂಧ್ರ, ಒಳ್ಳೆಯದಾದರೆ, ಮೈಕ್ರಾನಿನ ಕೆಲವು ಹತ್ತನೇ ಭಾಗದಷ್ಟು. ಇ. ಕೋಲಿ ನಿಲ್ಲುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ 27ರಿಂದ 30 ನ್ಯಾನೊಮೀಟರ್, ಮಕ್ಕಳ ಭೇದಿಯ ರೋಟಾ ವೈರಸ್ 75ರ ಸುತ್ತ. ಇವೆರಡೂ ಸರಾಗ ದಾಟುತ್ತವೆ. ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಆದರೂ ದಾಟುತ್ತದೆ: ಉದ್ದ 6ರಿಂದ 20 ಮೈಕ್ರಾನ್, ದಪ್ಪ 0.1 ಮೈಕ್ರಾನ್, ಸುರುಳಿ ಸುತ್ತಿದ ಮೈ, ತಿರುಪಿನಂತೆ ಕೊರೆದು ಸಾಗುವ ಚಲನೆ. ಬ್ಯಾಕ್ಟೀರಿಯಾ ತಡೆಯಲು ಎಂದೇ ಮಾಡಿದ 0.2 ಮೈಕ್ರಾನ್ ಪೊರೆಯಲ್ಲೂ ಅದು ನುಸುಳಬಲ್ಲದು. ಜರಡಿಗೆ ಉದ್ದ ಗೊತ್ತಿಲ್ಲ, ದಪ್ಪ ಮಾತ್ರ ಗೊತ್ತು.

ಅಲ್ಟ್ರಾ ಫಿಲ್ಟರ್ 0.01 ಮೈಕ್ರಾನ್, ಅಂದರೆ 10 ನ್ಯಾನೊಮೀಟರ್, ವೈರಸ್‌ಗಳನ್ನು ತಡೆಯಬೇಕು. ಆದರೆ ಕಟ್ಟಿನ ಮೇಲಿನ ಅಂಕಿ ಹೆಚ್ಚಿನ ರಂಧ್ರಗಳದ್ದು ಮಾತ್ರವೋ, ಅತಿ ದೊಡ್ಡ ರಂಧ್ರದ್ದೋ ನೋಡಿಕೊಳ್ಳಬೇಕು. ನೂರರಲ್ಲಿ ಒಂದು ರಂಧ್ರ ದೊಡ್ಡದಾದರೂ ನೀರು ಅಲ್ಲಿಂದಲೇ ಹೆಚ್ಚು ಹರಿಯುತ್ತದೆ. ಆರ್‌ಒ ಪೊರೆ ಲವಣವನ್ನೂ ತಡೆಯುತ್ತದೆ, ಆದರೆ ಅಂಚಿನ ರಬ್ಬರ್ ಉಂಗುರ ಸಡಿಲವಾದರೆ ಎಲ್ಲವೂ ಅದರ ಪಕ್ಕದಿಂದ ಹೋಗುತ್ತದೆ.

ಕುದಿಸುವುದಕ್ಕೆ ಗಾತ್ರದ ಹಂಗಿಲ್ಲ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ‘100 ಮುಟ್ಟಲಿಲ್ಲ, ಸಾಲದು’ ಎಂಬ ಅನುಮಾನ ಬೇಡ. ಕೊತಕೊತ ಕುದಿ ಬಂದು ಒಂದು ನಿಮಿಷ ಇದ್ದರೆ ಮೇಲಿನ ಎಲ್ಲವಕ್ಕೂ ಸಾಕು. ಕ್ಲೋರಿನ್ ಹಾಕುವವರು ಮೊದಲು ಕೆಸರು ತಿಳಿಯಾಗಿಸಿ. 2 ಮೈಕ್ರಾನಿನ ಜೇಡಿಯ ಕಣ ವೈರಸ್‌ಗೆ ಗುಡ್ಡವಿದ್ದ ಹಾಗೆ; ಅದಕ್ಕೆ ಅಂಟಿ, ಸಂದಿಯಲ್ಲಿ ಕೂತದ್ದಕ್ಕೆ ಕ್ಲೋರಿನ್ ತಲುಪುವುದು ತಡವಾಗುತ್ತದೆ, ಅಷ್ಟರಲ್ಲಿ ಕೆಸರೇ ಕ್ಲೋರಿನ್ನನ್ನು ತಿಂದು ಮುಗಿಸುತ್ತದೆ.

ಮರಗಸಿ

ಮಾಸ್ಕ್‌ಗೂ ಇದೇ ಜರಡಿ ನಿಯಮವೇ? ಎನ್95ರ ಮೇಲೆ 0.3 ಮೈಕ್ರಾನ್ ಎಂದಿರುತ್ತದೆ, ಕೊರೊನಾ 0.1.

ಕಕ್ಕಡ_ಮಳೆ

ಅಲ್ಲ. ಎನ್95 ಜರಡಿಯಲ್ಲ, ಎಳೆಗಳ ಕಾಡು. ದೊಡ್ಡ ಕಣ ತಿರುವಿನಲ್ಲಿ ತಿರುಗಲಾರದೆ ಎಳೆಗೆ ಬಡಿಯುತ್ತದೆ. ತೀರ ಚಿಕ್ಕದು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆದು ಎಳೆಗೆ ತಾಗುತ್ತದೆ. ಎರಡರ ನಡುವೆ, 0.3ರ ಸುತ್ತ, ಹಿಡಿಯುವುದು ಅತಿ ಕಷ್ಟ. ಅದಕ್ಕೇ ಪರೀಕ್ಷೆ ಆ ಗಾತ್ರದಲ್ಲಿ ನಡೆಯುತ್ತದೆ.

ಬೆಟ್ಟದ_ಏಲಕ್ಕಿ

ಗಿಡದ ಒಳಗೂ ಒಂದು ಜರಡಿ ಇದೆ, ಅದನ್ನು ಬಿಡಬೇಡಿ. ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹೋಗುವ ಕಿಂಡಿ ಹೊರಗಿನಿಂದ 50 ನ್ಯಾನೊಮೀಟರಿನ ಸುತ್ತ. ಒಳಗೆ ಪೊರೆ, ಪ್ರೋಟೀನ್ ತುಂಬಿಕೊಂಡು ತೆರವಾಗಿ ಉಳಿಯುವುದು 3 ನ್ಯಾನೊಮೀಟರ್. ಸಕ್ಕರೆ ಹೋಗುತ್ತದೆ. 12 ನ್ಯಾನೊಮೀಟರಿನ ಕಟ್ಟೆ ವೈರಸ್ ಹಾಗೇ ಹೋಗಲಾರದು. ಅದಕ್ಕಾಗಿ ವೈರಸ್‌ಗಳು ಕಿಂಡಿ ಅಗಲಿಸುವ ಪ್ರೋಟೀನನ್ನೇ ಮಾಡಿಕೊಳ್ಳುತ್ತವೆ. ಚಿಕ್ಕದಾಗಿರುವುದರಿಂದ ವೈರಸ್ ಎಲ್ಲೆಡೆ ನುಗ್ಗುತ್ತದೆ ಎಂಬ ಮಾತು ಇಲ್ಲಿ ನಡೆಯದು.

ಗಿಡಹೇನಿನ ವಿಷಯವೂ ಹಾಗೆಯೇ. ಕಟ್ಟೆ ವೈರಸ್ ಹೇನಿನ ಸೂಜಿಬಾಯಿಗೆ ಅಂಟಿಕೊಂಡು ಸಾಗುತ್ತದೆ. ಹೀರುವುದಕ್ಕೂ ದಾಟಿಸುವುದಕ್ಕೂ ಕೆಲವು ನಿಮಿಷ ಸಾಕು. ಕೀಟನಾಶಕ ಹೇನನ್ನು ಕೊಲ್ಲುವಷ್ಟರಲ್ಲಿ ಅದು ಹೊಸ ಗಿಡಕ್ಕೆ ಚುಚ್ಚಿ ಆಗಿರುತ್ತದೆ. ಬಂಚಿ ಟಾಪ್ ಬೇರೆ ದಾರಿ: 20 ನ್ಯಾನೊಮೀಟರಿನ ಕಣ ಹೇನಿನ ಕರುಳಿನ ಗೋಡೆ ದಾಟಿ, ಮೈಯೊಳಗೆ ಸುತ್ತಿ, ಜೊಲ್ಲಿಗೆ ಬರಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು, ಆದರೆ ಒಮ್ಮೆ ಸೇರಿದರೆ ದಿನಗಟ್ಟಲೆ ಉಳಿಯುತ್ತದೆ. ಏಲಕ್ಕಿ ಮಲೆಯಲ್ಲಿ ಇದರ ಅರ್ಥ ಒಂದೇ: ಎಳೆ ಎಲೆಯಲ್ಲಿ ನಡುನರದಿಂದ ಅಂಚಿನ ಕಡೆಗೆ, ಒಂದಕ್ಕೊಂದು ಸಮಾನಾಂತರವಾಗಿ ತಿಳಿಹಸಿರು ಗೆರೆ ಕಂಡ ಕೂಡಲೇ ಬುಡಸಮೇತ ಕಿತ್ತು ದೂರ ಸಾಗಿಸಿ ನಾಶಮಾಡಬೇಕು. ಮತ್ತೆ ನೆಡುವಾಗ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದ ‘ವಿಜೇತ’ ತಳಿಯಂಥ, ಕಟ್ಟೆ ತಡೆಯುವ ಗಿಡ ಆರಿಸಬೇಕು.

ನಾಪೋಕ್ಲು_ತೋಡು

ಹಾಗಾದರೆ ಬೋರ್ಡೋ (ತಾಮ್ರದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ದ್ರಾವಣ) ಹೊಡೆದರೆ ಕಟ್ಟೆಗೆ ಪ್ರಯೋಜನ ಇಲ್ಲವೇ? ಕೆಲವರು ಹೊಡೆಯುತ್ತಾರೆ.

ಮೈಲುತುತ್ತ_ಸುಣ್ಣ

ಇಲ್ಲ. ವೈರಸ್ ಕೋಶದ ಒಳಗಿದೆ, ತಾಮ್ರ ಎಲೆಯ ಮೇಲಿದೆ. ಎರಡೂ ಭೇಟಿಯಾಗುವುದೇ ಇಲ್ಲ. ಆದರೆ ಬೋರ್ಡೋ ನಿಮ್ಮ ಗೋಡೆಗೆ ಬರಲೇಬೇಕು, ಒಂದೇ ಬಕೆಟ್ಟಿನಲ್ಲಿ ಮೂರು ಗಾತ್ರಗಳ ಆಟ ಅದು.

ಕೊಲ್ಲುವುದು ತಾಮ್ರದ ಅಯಾನು, ಅಡ್ಡಳತೆ ಸುಮಾರು 0.15 ನ್ಯಾನೊಮೀಟರ್. 30 ಮೈಕ್ರಾನಿನ ಬೀಜಕದ ಎರಡು ಲಕ್ಷದ ಒಂದು ಭಾಗ. ಆದರೆ ಅಯಾನಾಗಿಯೇ ಸಿಂಪಡಿಸಿದರೆ ಎಲೆ ಸುಡುತ್ತದೆ, ಮೊದಲ ಮಳೆಗೆ ತೊಳೆದು ಹೋಗುತ್ತದೆ. ಅದಕ್ಕೇ ಸುಣ್ಣ ಸೇರಿಸಿ ಅದನ್ನು ಕರಗದ ಕಣವಾಗಿ ಕಟ್ಟಿಹಾಕುವುದು. ಕಣ ಎಲೆಗೆ ಅಂಟಿ, ತೇವ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಅಯಾನು ಬಿಡುತ್ತದೆ. ಕಣ ಸಣ್ಣದಾದಷ್ಟೂ ಹಿಡಿತ ಗಟ್ಟಿ. ಕಣದ ಅಡ್ಡಳತೆ ಎರಡು ಪಟ್ಟಾದರೆ ತಳಕ್ಕೆ ಇಳಿಯುವ ವೇಗ ನಾಲ್ಕು ಪಟ್ಟಾಗುತ್ತದೆ; ಡ್ರಮ್ಮಿನ ಮೇಲೆ ಬರೀ ನೀರು, ಕೆಳಗೆ ಗಸಿ.

ಮೆಣಸಿಗೆ ಶೇ 1: ಮೈಲುತುತ್ತ 1 ಕಿಲೋ 50 ಲೀಟರ್ ನೀರಿನಲ್ಲಿ, ಸುಣ್ಣ 1 ಕಿಲೋ ಇನ್ನೊಂದು 50 ಲೀಟರಿನಲ್ಲಿ. ಪ್ಲಾಸ್ಟಿಕ್ ಡ್ರಮ್ಮು, ಕಬ್ಬಿಣ ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ, ಕಲಕುತ್ತಾ ಸುರಿಯಿರಿ. ಸುಣ್ಣವನ್ನು ತುತ್ತಕ್ಕೆ ಸುರಿದರೆ, ಎರಡನ್ನೂ ಗಟ್ಟಿಯಾಗಿ ಬೆರೆಸಿ ಆಮೇಲೆ ನೀರು ಕೂಡಿಸಿದರೆ, ಅರಳಿಸಿದ ಸುಣ್ಣ ಬಿಸಿ ಇರುವಾಗಲೇ ಬೆರೆಸಿದರೆ ಕಣ ಒರಟಾಗುತ್ತದೆ. ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ತೆಗೆಯಿರಿ; ಕೆಂಪು ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು. ಸೋಸಿ ತುಂಬಿ: ಸ್ಪ್ರೇಯರಿನ 50 ಮೆಶ್ ಜರಡಿಯ ಕಣ್ಣು 300 ಮೈಕ್ರಾನ್, ನಾಜಲ್ ಕಟ್ಟಿಸುವುದು ಸುಣ್ಣದ ಹರಳೇ ಹೊರತು ಬೋರ್ಡೋ ಕಣವಲ್ಲ. ಅಂದೇ ಮುಗಿಸಿ, ರಾತ್ರಿ ಇಟ್ಟರೆ ಕಣ ಬೆಳೆಯುತ್ತದೆ. ಕಾಫಿ ತುಕ್ಕಿಗೆ ಮುಂಗಾರಿಗೆ ಮುಂಚೆ ಶೇ 0.5, ಎಲೆಯ ತಳಭಾಗಕ್ಕೆ. ಕಾಫಿ ಎಲೆಯ ಉಸಿರುರಂಧ್ರ ಇರುವುದು ತಳದಲ್ಲಿ, ತುಕ್ಕು ಒಳಹೊಗುವುದೂ ಅಲ್ಲಿಂದಲೇ.

ಸೋಮವಾರಪೇಟೆ_ವಿಜ್ಞಾನ

ಎಲ್ಲವನ್ನೂ ಬರೆದುಕೊಂಡೆ. ಇನ್ನು ಗೋಡೆ. 10 ಲಕ್ಷ ಪಟ್ಟು ಹಿಗ್ಗಿಸಿದರೆ ತುಕ್ಕಿನ ಬೀಜಕ 30 ಮೀಟರ್, ಶಾಲೆಯೇ ಸಾಲದು.

ಲೆಕ್ಕದ_ಪುಸ್ತಕ

ಎರಡು ಚೌಕಟ್ಟು ಮಾಡಿ. ಒಂದೇ ಚೌಕಟ್ಟಿನಲ್ಲಿ ಎಲ್ಲವನ್ನೂ ತುರುಕಲು ಹೋದರೆ ಚಿತ್ರಗಾರರು ‘ಕಾಣಲಿ’ ಎಂದು ಅಣುವನ್ನು ದಪ್ಪ ಮಾಡುತ್ತಾರೆ, ಅಲ್ಲಿಗೆ ಅಳತೆ ಹೋಯಿತು.

ದೊಡ್ಡ ಚೌಕಟ್ಟು 1 ಲಕ್ಷ ಪಟ್ಟು: 1 ಮೈಕ್ರಾನಿಗೆ 10 ಸೆಂಟಿಮೀಟರ್. ತುಕ್ಕು 3 ಮೀಟರ್ ಉದ್ದ, 2.2 ಮೀಟರ್ ಅಗಲ. ಗೋಡೆಯ ಎತ್ತರಕ್ಕೆ ಸರಿಯಾಗಿ ಕೂರುತ್ತದೆ. ಫೈಟಾಫ್ತೊರಾ 1 ಮೀಟರ್. ಲೆಪ್ಟೊಸ್ಪೈರಾ 10 ಮೈಕ್ರಾನಿನದು ಎಂದಾದರೆ 1 ಮೀಟರ್ ಉದ್ದ, 1 ಸೆಂಟಿಮೀಟರ್ ದಪ್ಪ. ಇ. ಕೋಲಿ 20 ಸೆಂಟಿಮೀಟರ್ ಉದ್ದ, 10 ದಪ್ಪ. ಟ್ರಿಸ್ಟೆಜಾ 20 ಸೆಂಟಿಮೀಟರ್, ಕಟ್ಟೆ 7 ಸೆಂಟಿಮೀಟರ್. ಇವೆರಡನ್ನು ಕುಂಚದಲ್ಲಿ ಬರೆಸಬೇಡಿ, ಗೆರೆ ದಪ್ಪವಾಗುತ್ತದೆ. 1 ಮಿಲಿಮೀಟರ್ ದಪ್ಪದ ದಾರ ಕತ್ತರಿಸಿ ಅಂಟಿಸಿ, ಮಕ್ಕಳು ಮುಟ್ಟಿ ನೋಡಲಿ. ಕೊರೊನಾ 1 ಸೆಂಟಿಮೀಟರಿನ ಚುಕ್ಕೆ, ಬಂಚಿ ಟಾಪ್ 2 ಮಿಲಿಮೀಟರಿನ ಚುಕ್ಕೆ.

ಚಿಕ್ಕ ಚೌಕಟ್ಟು 1 ಕೋಟಿ ಪಟ್ಟು: 1 ನ್ಯಾನೊಮೀಟರಿಗೆ 1 ಸೆಂಟಿಮೀಟರ್. ಅದೇ ಕೊರೊನಾ ಇಲ್ಲಿ 1 ಮೀಟರಿನ ವೃತ್ತ. ಬಂಚಿ ಟಾಪ್ 19 ಸೆಂಟಿಮೀಟರ್, ಹಿಮೋಗ್ಲೋಬಿನ್ ಐದೂವರೆ, ಕೆಫೀನ್ 1, ನೀರಿನ ಅಣು 3 ಮಿಲಿಮೀಟರಿಗೆ ತುಸು ಕಡಿಮೆ. ಕಟ್ಟೆ ವೈರಸ್ 12 ಸೆಂಟಿಮೀಟರ್ ದಪ್ಪದ ಒಂದು ತುಂಡು ಮಾತ್ರ. ಪೂರ್ತಿ ಬರೆದರೆ 7 ಮೀಟರ್, ಗೋಡೆ ದಾಟುತ್ತದೆ. ದೊಡ್ಡ ಚೌಕಟ್ಟಿನ ಕೊರೊನಾ ಚುಕ್ಕೆಯಿಂದ ಚಿಕ್ಕ ಚೌಕಟ್ಟಿನ ವೃತ್ತಕ್ಕೆ ಎರಡು ಗೆರೆ ಎಳೆದು ‘ಇಲ್ಲಿಂದ 100 ಪಟ್ಟು’ ಎಂದು ಬರೆಸಿ.

ಬಲಮುರಿ_ಲ್ಯಾಬ್

ಒಂದು ತಿದ್ದುಪಡಿ: 3 ಮೀಟರ್ ಅಡ್ಡಕ್ಕೆ, 2.2 ಮೀಟರ್ ಎತ್ತರಕ್ಕೆ ಬರುವ ಹಾಗೆ ಬೀಜಕವನ್ನು ಮಲಗಿಸಿ. ನೆಟ್ಟಗೆ ನಿಲ್ಲಿಸಿದರೆ ಅರ್ಧ ಮೀಟರ್ ಸೂರಿಗೆ ತಾಗುತ್ತದೆ. ಮುಳ್ಳಿನ ಬೆನ್ನು ಮೇಲಕ್ಕಿರಲಿ. ಇ. ಕೋಲಿಯನ್ನು ಅದರ ಹೊಟ್ಟೆಯ ಕೆಳಗೆ, ಟ್ರಿಸ್ಟೆಜಾ ದಾರವನ್ನು ಇ. ಕೋಲಿಗೆ ಒತ್ತಾಗಿ, ಎರಡರ ತುದಿ ಸರಿಯಾಗಿ ಕೂಡುವಂತೆ ಅಂಟಿಸಿ.